ಹೊಂಡಕ್ಕೆ ಮೊದಲು ಬೇಲಿ

ಇಡೀ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸರ್ಕಾರವನ್ನು ನಮ್ಮ ಯಜಮಾನರಷ್ಟು ಪ್ರೀತಿಸಿದವರು ಇನ್ನೊಬ್ಬರಿಲ್ಲ. ನನ್ನನ್ನು ಅಷ್ಟು ಪ್ರೀತಿಸಿದ್ದಂತೂ ನನಗೆ ನೆನಪಿಲ್ಲ!

ಪ್ರತಿ ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರೈತ ಸಂಪರ್ಕ ಕೇಂದ್ರಕ್ಕೆ ಹೊರಡುತ್ತಾರೆ. ಬೀಗರ ಮನೆಗೂ ಅಂಥ ಅಂಗಿ ಹಾಕಿದವರಲ್ಲ. ಅಲ್ಲಿ ಗೋಡೆಗೆ ಅಂಟಿಸಿದ ಹಾಳೆಗಳನ್ನೆಲ್ಲ ಓದುತ್ತಾರೆ. ಹನಿ ನೀರಾವರಿ, ಬದು ನಿರ್ಮಾಣ, ಜೇನುಪೆಟ್ಟಿಗೆ, ಎರೆಹುಳು ತೊಟ್ಟಿ. ನಾನು ಮೂರನೇ ಕ್ಲಾಸು, ಅವರು ನನಗಿಂತ ಒಂದು ಕಡಿಮೆ. ಹಾಗಾಗಿ ಓದಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಪಹಣಿ, ಆಧಾರ್, ಪಾಸ್‌ಬುಕ್ಕು, ನಾಲ್ಕು ಫೋಟೋ ಇರುವ ಪ್ಲಾಸ್ಟಿಕ್ ಕವರು ಅವರ ಕಂಕುಳಿಂದ ಇಳಿದದ್ದನ್ನು ನಾನು ಕಂಡಿಲ್ಲ.

ಒಮ್ಮೆ ಮಣ್ಣು ಪರೀಕ್ಷೆಗೆಂದು ಹೊಲದ ಮಣ್ಣು ತಂದು ನೆರಳಲ್ಲಿ ಒಣಗಿಸಿದರು. ಯಾವುದರ ಮೇಲೆ? ನಾನು ಸಂಡಿಗೆ ಇಡುವ ಬಿಳಿ ಪಂಚೆಯ ಮೇಲೆ! ಕೊಡವಿ ಮಡಿಸಿಟ್ಟಿದ್ದರು, ನನಗೆ ತಿಳಿಯಲಿಲ್ಲ. ಆ ವರ್ಷ ಬೀಗರು ಸಂಡಿಗೆ ಕಡಿದು, ಹಲ್ಲಿಗೆ ಏನೋ ಸಿಗ್ತಾ ಇದೆಯಲ್ಲ ಎಂದಾಗ, ಅದು ನಮ್ಮ ಹೊಲದ ಸತ್ವ ಎಂದು ಇವರು ಹೆಮ್ಮೆಯಿಂದ ಹೇಳಿಕೊಂಡರು.

ಅವರ ದೊಡ್ಡ ಆಸೆ ಕೃಷಿ ಹೊಂಡ. ಮನೆಯ ಹಿಂದೆಯೇ ನಮ್ಮ ಹೊಲ, ಇಳಿಜಾರು ಬೇರೆ. ಮಳೆ ಬಂದರೆ ನೀರು ನಮ್ಮ ರಾಗಿಯನ್ನು ಮಾತೂ ಆಡಿಸದೆ ರಸ್ತೆ ಸೇರುತ್ತದೆ. ಅದನ್ನು ಹಿಡಿದಿಟ್ಟರೆ ಒಂದು ಬೆಳೆ ಉಳಿಯುತ್ತದೆ. ಅರ್ಜಿ ಕೊಡಲು ಹೋದರೆ ಪಹಣಿ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇತ್ತು. ಕೇಂದ್ರದ ಮೇಡಮ್ಮು ಅದು ತಿಳಿಯದೆ, ಪಹಣಿಯಲ್ಲಿ ಹೆಸರಿರುವವರೇ ಬರಬೇಕು ಅಂದರಂತೆ. ಮಾರನೆಯ ದಿನ ಇವರು ನಡುಮನೆಯ ಗೋಡೆಯಿಂದ ಮಾವನವರ ಫೋಟೋ ಇಳಿಸಿ, ಹೊಸ ಹಾರ ಹಾಕಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಹೋಗಿ, ಮೇಜಿನ ಮೇಲೆ ನಿಲ್ಲಿಸಿದರು.

“ಬಂದವ್ರೆ. ಏನ್ ಕೇಳ್ಬೇಕೋ ಕೇಳಿ ಮೇಡಂ.”

ಮೇಡಮ್ಮು ಎದ್ದು ಮೊದಲು ಫೋಟೋಗೆ ಕೈಮುಗಿದರಂತೆ. ಆಮೇಲೆ, ಸತ್ತವರ ಜಮೀನು ಮಕ್ಕಳ ಹೆಸರಿಗೆ ಬರಲು ಪೌತಿ ಖಾತೆ ಮಾಡಿಸಬೇಕೆಂದು ಬಿಡಿಸಿ ಹೇಳಿ, ಎರಡು ಟೀ ತರಿಸಿದರಂತೆ. ಎರಡನ್ನೂ ಇವರೇ ಕುಡಿದು ಬಂದರು.

ಖಾತೆ ಬದಲಾಗುವ ಹೊತ್ತಿಗೆ ನಮ್ಮ ಮಗಳಿಗೆ ಹೆಣ್ಣು ಮಗುವಾಯಿತು. ಮಗಳು ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಹೊರಟರೆ ಮಗು ದಿನವಿಡೀ ನನ್ನ ಸೊಂಟದ ಮೇಲೆ. ಅದರ ಕೆನ್ನೆ, ಅದರ ತೊದಲು, ಹಾಲು ಕುಡಿದು ನಗುವ ಆ ನಗು! ಬರೆಯಹೊರಟರೆ ಹಾಳೆ ಸಾಲದು, ಬಿಡಿ. ಹೊಂಡ ಮಂಜೂರಾದ ವಾರವೇ ಅದು ಗೋಡೆ ಬಿಟ್ಟು ಮೊದಲ ಹೆಜ್ಜೆ ಇಟ್ಟಿತು. ನಾನು ಬೀದಿಗೆಲ್ಲ ಬೆಲ್ಲ ಹಂಚಿದೆ. ಇವರು ಮಾತ್ರ ಜಗಲಿಯ ಮೇಲೆ ಮಂಕಾಗಿ ಕೂತರು.

ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನವಿತ್ತು. ಎಲ್ಲರೂ ಹೊಂಡ ತೋಡಿಸಿ ಬೇಲಿ ಹಾಕಿಸುತ್ತಾರೆ. ಇವರು ಬರೀ ನೆಲಕ್ಕೆ ಬೇಲಿ ಹಾಕಿಸಿದರು! ಒಳಗೇನು ಬೆಳೆದಿದ್ದೀಯಣ್ಣಾ ಎಂದು ಹೋಗಿ ಬರುವವರೆಲ್ಲ ಕೇಳಿದ್ದೇ ಕೇಳಿದ್ದು. ಮಳೆ ತಲೆಯ ಮೇಲಿತ್ತು. ಜೆಸಿಬಿ ಬಂತು. ಡ್ರೈವರು ಇಳಿದು ಬೇಲಿಗೆ ಒಂದು ಪ್ರದಕ್ಷಿಣೆ ಹಾಕಿದ.

“ತಾತ, ಗಾಡಿ ಒಳಕ್ಕೆ ಹೆಂಗ್ ಹೋಗ್ಬೇಕು?”

“ಗೇಟ್ ಐತಲ್ಲಪ್ಪ.”

ಆ ಗೇಟಿನಲ್ಲಿ ನಮ್ಮ ಮೇಕೆ ಹೋಗಬೇಕಾದರೂ ಅಡ್ಡ ತಿರುಗಬೇಕಿತ್ತು. ಕಂಬ ಕೀಳಿಸಿದರು, ಹೊಂಡ ತೋಡಿಸಿದರು, ಜೆಸಿಬಿಯ ಬೆನ್ನು ಮರೆಯಾಗುವ ಮೊದಲೇ ಮತ್ತೆ ಕಂಬ ನೆಡಿಸಿದರು. ನನಗೆ ರೇಗಿತು. ಹೊಂಡಕ್ಕೆ ಮುಂಚೆ ಬೇಲಿ ಯಾರಾದರೂ ಹಾಕಿಸುತ್ತಾರೇನ್ರೀ ಎಂದು ಚೆನ್ನಾಗಿ ಬೈದೆ.

“ತೋಡಿದ್ ದಿನಾನೇ ಮಳೆ ಬಂದ್ಬಿಟ್ರೆ?” ಅಂದರು ಮೆಲ್ಲಗೆ. “ಮಗು ನಡೀತಾ ಐತೆ ಕಣೇ.”

ಅಂದು ಸಂಜೆಯೇ ಮಳೆ ಬಂತು.

ಈಗ ಹೊಂಡದ ತುಂಬ ನೀರು. ನಮ್ಮ ಪುಟ್ಟಿ ಹೊರಗೆ ನಿಂತು ತಂತಿ ಹಿಡಿದು ಅದರ ಜೊತೆ ಮಾತಾಡುತ್ತಾಳೆ. ಗೇಟಿನ ಚಿಲಕ ಅವಳಿಗೆ ಎಷ್ಟು ಬೆಳೆದರೂ ಎಟುಕಬಾರದೆಂದು ಇವರು ತಾವು ಕೈ ಎತ್ತಿದರಷ್ಟೇ ಸಿಗುವ ಎತ್ತರಕ್ಕೆ ಹಾಕಿಸಿದ್ದಾರೆ. ನನಗೂ ಎಟುಕುವುದಿಲ್ಲ. ಒಂದು ಬಿಂದಿಗೆ ನೀರು ಬೇಕಾದರೂ ಅವರನ್ನೇ ಕೂಗಬೇಕು.

ಕೂಗುತ್ತೇನೆ. ಚಿಲಕ ಕೆಳಗಿಳಿಸಿ ಎಂದು ಮಾತ್ರ ಇವತ್ತಿನವರೆಗೂ ಹೇಳಿಲ್ಲ.