ಗೇಣುದ್ದದ ಮೀನು

ಅಂಗಡಿಯಿಂದ ಮೀನು ತಂದು ತಿಂದರೆ ಚಿಕ್ಕಲಸಂದ್ರದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದನ್ನೇ ತಾರಸಿಯಲ್ಲಿ ಸಾಕಿ, ಗಾಳ ಹಾಕಿ ಹಿಡಿದು ತಿಂದರೆ ಬುದ್ಧಿ ಹೇಳಲು ವಾರಕ್ಕೊಬ್ಬರು ಮೆಟ್ಟಿಲು ಹತ್ತುತ್ತಾರೆ. ನಾನು ಮೂವತ್ತು ವರ್ಷ ನರ್ಸ್ ಆಗಿದ್ದವಳು. ಬುದ್ಧಿ ಹೇಳಿ ಅಭ್ಯಾಸವೇ ಹೊರತು ಹೇಳಿಸಿಕೊಂಡಲ್ಲ. ನನ್ನ ಸಿಮೆಂಟ್ ತೊಟ್ಟಿಗೆ ನಿಯಮ ಎರಡೇ: ತಿನ್ನುವ ಮೀನನ್ನು ನಾನೇ ಹಿಡಿದು ನಾನೇ ಕೊಲ್ಲಬೇಕು, ಗೇಣಿಗಿಂತ ಚಿಕ್ಕದು ಸಿಕ್ಕರೆ ವಾಪಸ್ ಬಿಡಬೇಕು.

1. ಬಿರಿಯಾನಿ

ಎದುರುಮನೆಯವರು ಮಗಳ ಹುಟ್ಟುಹಬ್ಬಕ್ಕೆ ಕರೆದಿದ್ದರು. ಊಟದ ನಡುವೆ ಮನೆಯ ಯಜಮಾನರು ಕೋಳಿಯ ಕಾಲು ಕೈಯಲ್ಲಿ ಹಿಡಿದುಕೊಂಡೇ ಬೇಸರದಿಂದ ಕೇಳಿದರು, ದಿನಾ ನೀವೇ ಊಟ ಹಾಕಿದ ಜೀವವನ್ನು ಕೊಲ್ಲಲು ಮನಸ್ಸು ಹೇಗೆ ಬರುತ್ತದೆ ಎಂದು. ನನಗೆ ರೇಗಿತು. ನಿಮ್ಮ ಕೈಯಲ್ಲಿರುವುದೂ ಜೀವವೇ ಅಲ್ಲವೇ ಎಂದೆ. ಅವರು ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಪರಿಚಯ ಇಲ್ವಲ್ಲ ಸಿಸ್ಟರ್."

2. ನೆಂಟರು

ನನ್ನ ತಮ್ಮ ಸಂಸಾರ ಸಮೇತ ಮೀನೂಟಕ್ಕೆ ಬಂದ. ನಾನು ಎರಡು ಗಂಟೆ ಬಿಸಿಲಲ್ಲಿ ಗಾಳ ಹಿಡಿದು ಕೂತೆ. ಮೂರು ಸಲ ಮೀನು ಸಿಕ್ಕಿತು, ಮೂರೂ ಸಲ ಅದೇ ಬಾಲ ಹರಿದ ಚಿಕ್ಕ ಮೀನು. ಗೇಣು ಹಾಕಿ ಅಳೆದು, ಮೂರು ಸಲವೂ ನೀರಿಗೆ ಬಿಟ್ಟೆ. ಬಲೆ ಹಾಕು ಎಂದ ತಮ್ಮ. ಮೀನಿಗೂ ತಪ್ಪಿಸಿಕೊಳ್ಳಲು ಒಂದು ಅವಕಾಶ ಇರಬೇಕು, ಬಲೆ ಹಾಕುವುದಿಲ್ಲ ಎಂದೆ. ಕೊನೆಗೆ ಎಲ್ಲರಿಗೂ ಬೇಳೆ ಸಾರು ಬಡಿಸಿದೆ. ತಮ್ಮ ಕೈ ತೊಳೆಯುತ್ತಾ ಹೇಳಿದ:

"ಅಕ್ಕ, ಊಟಕ್ಕೆ ಅಂತ ಕರೆದು ಬರೀ ದರ್ಶನ ಮಾಡಿಸಿದ್ಯಲ್ಲ."

3. ಕೆಳಗಿನ ಮನೆ ಮೇಡಂ

ತಾರಸಿಯಲ್ಲಿ ಅರ್ಧ ಪಾಲು ಕೆಳಗಿನ ಮನೆಯ ಮೇಡಂ ಅವರದು. ಈರುಳ್ಳಿಯನ್ನೂ ಮುಟ್ಟದ ಹೆಂಗಸು. ಒಂದು ದಿನ ಬಂದು, ತಿಂಗಳೊಳಗೆ ತೊಟ್ಟಿ ತೆಗೆಸದಿದ್ದರೆ ತಾವೇ ಒಡೆಸುವುದಾಗಿ ಹೇಳಿದರು.

"ಒಡೆಸಿ. ನಾನು ವಾರಕ್ಕೊಂದು ಕೊಲ್ತೀನಿ, ನೀವು ಒಂದೇ ದಿನಕ್ಕೆ ಅಷ್ಟನ್ನೂ ಕೊಲ್ತೀರಿ" ಎಂದೆ.

ಬಾಯಿ ಜೋರು ಮಾಡಿದೆನೇ ಹೊರತು ಒಳಗೊಳಗೆ ಭಯವಿತ್ತು. ಅವರು ಹಟ ಹಿಡಿದರೆ ತೊಟ್ಟಿ ಉಳಿಯುವುದಿಲ್ಲ.

ವಾರ ಕಳೆದು ನೋಡಿದರೆ ಮೇಡಂ ತೊಟ್ಟಿಯ ಪಕ್ಕ ಗೋಧಿ ಹಿಟ್ಟಿನ ಉಂಡೆ ಹಿಡಿದು ನಿಂತಿದ್ದಾರೆ. ಅವರ ಸೈಟಿನ ಖಾತಾ ಎರಡು ವರ್ಷದಿಂದ ಆಗಿರಲಿಲ್ಲ. ನಲವತ್ತೆಂಟು ದಿನ ಮೀನಿಗೆ ಉಂಡೆ ಹಾಕಿ ಎಂದರಂತೆ ಜ್ಯೋತಿಷಿ. ದಿನಾ ಯಡಿಯೂರು ಕೆರೆಗೆ ಹೋಗಲು ಮಂಡಿ ನೋವು. ವ್ರತ ಮುಗಿಯುವವರೆಗೆ ಒಂದನ್ನೂ ಹಿಡಿಯಬೇಡಿ ಎಂದು ಬೇಡಿಕೊಂಡರು. ಆಮೇಲೆ ತೊಟ್ಟಿಯ ತಂಟೆಗೆ ಬರಬಾರದು ಎಂದೆ. ಒಪ್ಪಿದರು. ಅಷ್ಟು ದಿನ ನಾನೂ ಮೀನು ತಿನ್ನಲಿಲ್ಲ, ಕೊಟ್ಟ ಮಾತಿಗೆ.

ಖಾತಾ ಆಯಿತು. ಮೇಡಂ ಮೈಸೂರು ಪಾಕ್ ಹಿಡಿದು ಮೇಲೆ ಬಂದರು. ಕೈಯಾರೆ ತಿನ್ನಿಸಿದವರು, ಈಗ ಎಲ್ಲವನ್ನೂ ಉಳಿಸಿ ಎಂದೇ ಕೇಳುತ್ತಾರೆ ಎಂದುಕೊಂಡು ಜಗಳಕ್ಕೆ ತಯಾರಾದೆ. ಅವರು ತೊಟ್ಟಿಯೊಳಗೆ ಬಗ್ಗಿ ನೋಡಿ, ದನಿ ತಗ್ಗಿಸಿದರು.

"ಅಲ್ಲಿ ನೋಡಿ, ಬಾಲ ಹರಿದಿರೋದು. ಒಂದು ದಿನಾನೂ ನನ್ನ ಉಂಡೆ ಮುಟ್ಟಲಿಲ್ಲ. ಹಿಡಿಯೋದಾದ್ರೆ ಮೊದಲು ಅದನ್ನೇ ಹಿಡೀರಿ."

ನಾನು ಜಗ್ಗಲಿಲ್ಲ. ಅದು ಇನ್ನೂ ಗೇಣುದ್ದ ಆಗಿಲ್ಲ, ಯಾರು ಹೇಳಿದರೂ ಹಿಡಿಯುವುದಿಲ್ಲ ಎಂದೆ. ಮೇಡಂ ತಮ್ಮ ಪುಟ್ಟ ಕೈಯನ್ನು ತೊಟ್ಟಿಯ ಅಂಚಿನ ಮೇಲೆ ಅಗಲಿಸಿ ಇಟ್ಟರು.

"ನಿಮ್ಮ ಗೇಣು ದೊಡ್ಡದು ಸಿಸ್ಟರ್. ನನ್ನ ಗೇಣಲ್ಲಿ ಅಳೀರಿ."