ಮೂರನೆಯ ಕರೆ ಬರುವವರೆಗೆ

ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷ. ಈ ವಿಷಯದಲ್ಲಿ ತಪ್ಪಾಗುವ ಸಾಧ್ಯತೆ ಇಲ್ಲ, ಏಕೆಂದರೆ ಆಗ ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಉತ್ತರ ಪತ್ರಿಕೆ ತಿದ್ದುತ್ತೇನೆಂದು ಕಾಲೇಜಿಗೆ ರಜೆ ಹಾಕಿದವನು ಗಡಿಯಾರವನ್ನಲ್ಲದೆ ಬೇರೇನನ್ನು ನೋಡುತ್ತಾನೆ? ಊಟಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಯೋಚಿಸುತ್ತಿದ್ದಾಗ ಹಿತ್ತಿಲ ಕಡೆಯಿಂದ ಒಂದು ದನಿ ಬಂತು. "ಮಾಷ್ಟ್ರೇ." ಹತ್ತಿರದ್ದೂ ಅಲ್ಲ, ದೂರದ್ದೂ ಅಲ್ಲ, ಕೊಡದೊಳಗೆ ಬಾಯಿಟ್ಟು ಕರೆದ ಹಾಗಿತ್ತು. ನಾನು ಪೆನ್ನು ಕೆಳಗಿಟ್ಟೆ. ತುಸು ಹೊತ್ತಿನ ಮೇಲೆ ಮತ್ತೊಮ್ಮೆ, ಮೊದಲಿಗಿಂತ ಸಣ್ಣದಾಗಿ, "ಮಾಷ್ಟ್ರೇ." ನಾನು ಓಗೊಡಲಿಲ್ಲ. ಎದ್ದು ಹೋಗಿ ಕಿಟಕಿ ಮುಚ್ಚಿದೆ. ಆ ಹೊತ್ತಿನಲ್ಲಿ ಪಕ್ಕದ ಮನೆಯ ಹಸನಾಕ ತಮ್ಮ ಬಾವಿಯೊಳಗೆ ಕುತ್ತಿಗೆ ಮಟ್ಟದ ನೀರಿನಲ್ಲಿ ಪಂಪಿನ ಪೈಪು ಹಿಡಿದು ನೇತಾಡುತ್ತಿದ್ದರು. ನಾನು ಕಿಟಕಿ ಮುಚ್ಚಿದ್ದು ಅವರ ದನಿಗೆ. ಇಷ್ಟನ್ನು ಬರೆದಾದ ಮೇಲೆ ಉಳಿದದ್ದನ್ನು ಬರೆಯುವುದು ಸುಲಭ.

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ಮೂಢನಂಬಿಕೆಯ ವಿರುದ್ಧ ಎರಡು ಸಲ ಭಾಷಣ ಮಾಡಿ ಪೆನ್ನು ಬಹುಮಾನ ಪಡೆದಿದ್ದೇನೆ. ಹೀಗಿದ್ದೂ ಬೆಳುವಾಯಿಯ ನನ್ನ ಅಜ್ಜಿ ಕಲಿಸಿದ ಒಂದು ಪಾಠವನ್ನು ಯಾವ ಪದವಿಗೂ ಅಳಿಸಲು ಆಗಲಿಲ್ಲ. ನಡು ಮಧ್ಯಾಹ್ನ ಅಥವಾ ಮುಸ್ಸಂಜೆಯಲ್ಲಿ ಕಣ್ಣಿಗೆ ಕಾಣದವರು ಕರೆದರೆ ಮೊದಲ ಕರೆಗೆ ಓಗೊಡಬಾರದು. ಎರಡನೆಯದಕ್ಕೂ ಕೂಡದು. ಮೂರನೆಯದಕ್ಕೆ 'ಓ' ಎನ್ನಬಹುದು. "ಮನುಷ್ಯರಾದ್ರೆ ಮೂರು ಸಲ ಕರೀತಾರೆ ಮಗಾ. ಅವಕ್ಕೆ ಎರಡರ ಮೇಲೆ ಬರುವುದಿಲ್ಲ" ಎನ್ನುತ್ತಿದ್ದರು ಅಜ್ಜಿ. 'ಅವು' ಎಂದರೆ ಯಾವುವು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಕಡೆ ಹಂಚಿನ ಮಾಡು ಹೋಗಿ ತಾರಸಿ ಬಂದರೂ, ಕರೆಗೂ ಉತ್ತರಕ್ಕೂ ನಡುವಿನ ಆ ಸಣ್ಣ ಮೌನ ಮಾತ್ರ ಹಾಗೆಯೇ ಇದೆ. ಹೊರಗಿನಿಂದ ಬಂದ ಕೊರಿಯರಿನವರು ಎರಡು ಸಲ ಕೂಗಿ, ಒಳಗೆ ಐದು ಜನ ಕುಳಿತಿರುವ ಮನೆಯನ್ನು 'ಯಾರೂ ಇಲ್ಲ' ಎಂದು ಬರೆದುಕೊಂಡು ಹೋಗುವುದು ಇದೇ ಕಾರಣಕ್ಕೆ.

ಆದರೆ ತಪ್ಪನ್ನೆಲ್ಲ ಅಜ್ಜಿಯ ಮೇಲೆ ಹಾಕಿದರೆ ಅನ್ಯಾಯವಾದೀತು. ಅರ್ಧ ಪಾಲು ಹಸನಾಕರದ್ದೇ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದು ಎರಡೇ ಮನೆ, ನಡುವೆ ಸೊಂಟದೆತ್ತರದ ಗೋಡೆ. ಅವರ ಹೆಸರು ಹಸನ್. ಹಿರಿಯರೆಂದು ಊರೆಲ್ಲ ಹಸನಾಕ ಎನ್ನುತ್ತದೆ. ಗಲ್ಫಿನಲ್ಲಿ ಒಂದು ದೊಡ್ಡ ಕಟ್ಟಡದ ರಾತ್ರಿ ಕಾವಲಿಗೆ ಇದ್ದವರು. ಬಾಡಿಗೆಯವರು ಮನೆ ಬಿಡುವಾಗ ಎಸೆದು ಹೋದ ಸಿನಿಮಾ ಡಿಸ್ಕುಗಳನ್ನು ಕಾವಲಿನ ಕೋಣೆಯಲ್ಲಿ ಕುಳಿತು ನೋಡಿ ನೋಡಿ, ಮುಖವಾಡ ಹಾಕಿದವನೊಬ್ಬ ಸಾಲಾಗಿ ಜನರನ್ನು ಕಡಿಯುತ್ತಾ ಹೋಗುವ ಚಿತ್ರಗಳ ರುಚಿ ಹತ್ತಿಸಿಕೊಂಡರು. ಊರಿಗೆ ಬರುವಾಗ ಉಳಿದವರು ಚಿನ್ನ, ಸೆಂಟು ತಂದರೆ ಇವರು ಎರಡು ಪೆಟ್ಟಿಗೆ ಕೊಲೆ ತಂದರು. ಪತ್ನಿಯ ಹೆಸರು ಜೋರಾ, ಊರಿಗೆಲ್ಲ ಜೋರಾದ; ಅವರು ಅದನ್ನು ನೋಡುವುದಿಲ್ಲ. ಹಾಗಾಗಿ ಜೊತೆಗೆ ನಾನು ಸಿಕ್ಕಿದೆ.

ಇಂಥ ಚಿತ್ರಗಳ ಅಭಿಮಾನಿಗಳಲ್ಲಿಯೂ ಜಾತಿಗಳುಂಟು. ನಾನು ಮೊದಲನೇ ಭಾಗದವನು. ಮೊದಲನೇ ಭಾಗದಲ್ಲಿ ಕೊಲೆಗಾರ ಕಾಣುವುದೇ ಇಲ್ಲ. ಅರ್ಧ ತೆರೆದ ಬಾಗಿಲು, ಹೊಸ್ತಿಲ ಮೇಲೆ ಒದ್ದೆ ಹೆಜ್ಜೆ, ಅಷ್ಟು ಸಾಕು. ಹಸನಾಕ ಮುಂದಿನ ಭಾಗಗಳವರು. "ಮೊದಲನೇದರಲ್ಲಿ ಕಡಿಯುವವನಿಗೇ ಅಭ್ಯಾಸ ಇರುವುದಿಲ್ಲ ಮಾಷ್ಟ್ರೇ. ನಾಲ್ಕನೇ ಭಾಗಕ್ಕೆ ಬರುವಾಗ ಕೈ ಕೂತಿರ್ತದೆ" ಎನ್ನುತ್ತಾರೆ. ಹಿಂದಿನ ಭಾಗದ ಕೊನೆಯಲ್ಲಿ ಸುಟ್ಟು ಬೂದಿಯಾದವನು ಮುಂದಿನ ಭಾಗದ ಆರಂಭದಲ್ಲಿ ಕೆರೆಯಿಂದ ಎದ್ದು ಬಂದರೆ ನಾನು ನಗುತ್ತೇನೆ. ಅವರು ಗಂಭೀರವಾಗಿ, "ಕೆಲಸ ಮುಗೀಲಿಲ್ಲ ಅವನದ್ದು" ಎನ್ನುತ್ತಾರೆ. ಇಬ್ಬರೂ ಒಂದಾಗುವುದು ರೀಮೇಕುಗಳನ್ನು ಬೈಯುವಾಗ. ರೀಮೇಕು ಮಾಡುವವರಿಗೆ ಒಂದು ರೋಗ. ಕೊಲೆಗಾರನಿಗೆ ಬಾಲ್ಯ ಕೊಡುತ್ತಾರೆ. ಅರ್ಧ ಗಂಟೆ ಅವನ ಅಪ್ಪ ಅವನಿಗೆ ಬೆಲ್ಟಿನಲ್ಲಿ ಹೊಡೆಯುವುದನ್ನು ತೋರಿಸಿ, ನಮ್ಮಿಂದ ಕನಿಕರ ಕೇಳುತ್ತಾರೆ. "ಅಪ್ಪ ಹೊಡೆದ್ರೆ ಎಂತಾಯ್ತು? ನಮಗೂ ಹೊಡೆದಿದ್ದಾರೆ. ನಾವು ಯಾರನ್ನು ಕಡಿದದ್ದು?" ಎಂದು ಹಸನಾಕ ರಿಮೋಟು ಎಸೆಯುತ್ತಾರೆ.

ನನ್ನ ಹೆಂಡತಿ ಶಾರದಾ ಪ್ರಾಥಮಿಕ ಶಾಲೆಯ ಟೀಚರು. ಅವಳ ಪ್ರಕಾರ ಈ ಎಲ್ಲ ಸಿನಿಮಾಗಳೂ ಒಂದು ಲೈಟಿನ ಸ್ವಿಚ್ಚು ಹಾಕಿದರೆ ಮುಗಿಯುವಂಥವು. ಅಲ್ಲದೆ ನಮ್ಮ ತಾಲೂಕಿನಲ್ಲಿ ಇಂಥ ಕಥೆ ನಡೆಯಲಿಕ್ಕೇ ಇಲ್ಲವಂತೆ; ಇಲ್ಲಿ ಕತ್ತಿ ಹಿಡಿದು ಒಬ್ಬ ಎದುರು ಬಂದರೆ ಜನ ಓಡುವುದಿಲ್ಲ, "ನಮ್ಮಲ್ಲಿ ತೆಂಗಿನಕಾಯಿ ತೆಗೀಲಿಕ್ಕೆ ಯಾವಾಗ ಬರ್ತೀಯಾ ಮಾರಾಯ?" ಎಂದು ಹಿಡಿದು ನಿಲ್ಲಿಸುತ್ತಾರೆ. ನಾನು ನಗುತ್ತಿದ್ದೆನಾದರೂ ಒಳಗೊಳಗೇ ನನಗೊಂದು ಜಂಬವಿತ್ತು. ಈ ಚಿತ್ರಗಳಲ್ಲಿ ಸಾಯುವವರೆಲ್ಲ ಸಾಯುವುದು ಒಂದೇ ತಪ್ಪಿನಿಂದ: ಕತ್ತಲಿನಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಇವರು ಓಗೊಟ್ಟು ಇಳಿದು ಹೋಗುತ್ತಾರೆ. ಹಾಗೆ ಇಳಿದು ಹೋಗುವ ಪ್ರತಿ ದಡ್ಡನನ್ನು ನೋಡಿದಾಗಲೂ ನಾನು ಹಸನಾಕರ ಸೋಫಾದಲ್ಲಿ ಕಾಲು ಮಡಚಿ ಕುಳಿತು, "ನಾನಾಗಿದ್ರೆ ಉಸಿರೂ ಬಿಡ್ತಿರಲಿಲ್ಲ" ಎಂದು ಹೇಳುತ್ತಿದ್ದೆ. ಹೇಳಿದ ಹಾಗೆ ನಡೆದುಕೊಂಡೆ ಎಂಬುದಷ್ಟೇ ನನ್ನ ಸಮಾಧಾನ.

ಅಂದು ಮಧ್ಯಾಹ್ನ ಅಜ್ಜಿಯೂ ಆ ಸಿನಿಮಾಗಳೂ ಒಂದೇ ಮಾತು ಹೇಳಿದವು. ಕಿಟಕಿ ಮುಚ್ಚಿದ ಮೇಲೆ ನಾನು ಕೋಣೆಯ ನಡುವೆ ನಿಂತು ಮೂರನೆಯ ಕರೆಗೆ ಕಾದೆ. ಫ್ಯಾನು ಆರಿಸಿದೆ, ಅದರ ಸದ್ದಿನಲ್ಲಿ ಕರೆ ತಪ್ಪಬಾರದೆಂದು. ಹೊರಗೆ ಬಿಸಿಲು ಬೆಳ್ಳಗೆ ಸುಡುತ್ತಿತ್ತು. ಕಾಗೆಯೂ ಕೂಗುತ್ತಿರಲಿಲ್ಲ. ಆ ಮೌನದಲ್ಲಿ ಏನೋ ಒಂದು, ನಾನು ಕೇಳುತ್ತಿದ್ದೇನೆ ಎಂಬುದನ್ನು ಅದೂ ಕೇಳಿಸಿಕೊಳ್ಳುತ್ತಿದೆ ಎನಿಸಿತು. ಮೂರನೆಯ ಕರೆ ಬರಲೇ ಇಲ್ಲ. ನಾಚಿಕೆಯ ಸಂಗತಿ ಎಂದರೆ, ಬರದೇ ಇದ್ದಾಗ ನನಗೆ ಗೆದ್ದ ಹಾಗೆ ಅನಿಸಿತು. ಗಡಿಯಾರದಲ್ಲಿ ಹನ್ನೆರಡು ಐವತ್ತು. ಹತ್ತು ನಿಮಿಷ.

ಶನಿವಾರ ಶಾಲೆ ಅರ್ಧ ದಿನ. ಶಾರದಾ ಬಂದು ಕೊಡೆ ಮಡಚುತ್ತಾ, "ಇದೆಂತ, ಸೆಕೆಯಲ್ಲಿ ಕಿಟಕಿ ಹಾಕಿ ಕೂತದ್ದು?" ಎಂದಳು. ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ, ಹಿತ್ತಿಲಿನಿಂದ ಯಾವುದೋ ದನಿ ನನ್ನನ್ನು ಎರಡು ಸಲ ಕರೆಯಿತು, ಮೂರನೆಯ ಸಲ ಕರೆಯಲಿಲ್ಲ ಎಂದು.

"ಏನೆಂದು ಕರೀತು?"

"ಮಾಷ್ಟ್ರೇ ಅಂತ."

"ನಿಮ್ಮನ್ನು ಮಾಷ್ಟ್ರೇ ಅಂತ ಕರೆಯುವವರು ಈ ಊರಿನಲ್ಲಿ ಒಬ್ಬರೇ ಅಲ್ವಾ? ಎರಡು ಸಲ ಕರೆದವರಿಗೆ ಮೂರನೇ ಸಲ ಕರೀಲಿಕ್ಕೆ ಆಗಲಿಲ್ಲ ಅಂತ ಯಾಕೆ ತೋರಲಿಲ್ಲ ನಿಮಗೆ?"

ಅಷ್ಟು ಹೇಳುವಾಗಲೇ ಅವಳು ಗೋಡೆ ದಾಟಿದ್ದಳು. ಬಾವಿಕಟ್ಟೆಯ ಬುಡದಲ್ಲಿ ಹಸನಾಕರ ಚಪ್ಪಲಿ ಜೋಡಿಯಾಗಿ ಬಿಟ್ಟಿತ್ತು, ಮಸೀದಿಯ ಮೆಟ್ಟಿಲಲ್ಲಿ ಬಿಟ್ಟ ಹಾಗೆ. ಪಕ್ಕದಲ್ಲಿ ಒಂದು ಸ್ಪಾನರು. ಜೋರಾದ ಆ ವಾರ ಬೆಳ್ತಂಗಡಿಯ ಮಗಳ ಮನೆಗೆ ಹೋಗಿದ್ದರು. ಪಂಪಿನ ಪೈಪಿನ ತುದಿಗೆ ಕಸ ಸಿಕ್ಕಿ ನೀರು ಏರದಿದ್ದಾಗ ಇವರೊಬ್ಬರೇ ಬಾವಿಯ ಒಳಗೋಡೆಯ ಮೆಟ್ಟುಗಲ್ಲು ಹಿಡಿದು ಇಳಿದಿದ್ದರು, ಅರವತ್ತಮೂರರ ಪ್ರಾಯದಲ್ಲಿ. ಪಾಚಿಗೆ ಕಾಲು ಜಾರಿತ್ತು.

ನಾನು ಬಗ್ಗಿ ನೋಡಿದೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಪ್ಪು ನೀರಿನ ಮೇಲೆ ಒಂದು ಮುಖ ಕಂಡಿತು, ಮುಖ ಮಾತ್ರ. ಕಣ್ಣು ಮುಚ್ಚಿತ್ತು. "ಹಸನಾಕಾ" ಎಂದೆ. ಮುಖ ಅಲುಗಲಿಲ್ಲ. ಮತ್ತೊಮ್ಮೆ ಕರೆದೆ. ಇಲ್ಲ. ಶಾರದಾ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ "ಹಸನಾಕಾ" ಎಂದಾಗ ಆ ಮುಖ ಕಣ್ಣು ತೆರೆದು, ಬಹಳ ಮೆಲ್ಲಗೆ, "ಟೀಚರಾ?" ಎಂದಿತು.

ಅವಳು ರಸ್ತೆಗೆ ಓಡಿದಳು. ನಾನು ರಾಟೆಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಇಳಿದೆ. ಧೈರ್ಯದಿಂದ ಇಳಿದೆ ಎಂದು ಯಾರೂ ತಿಳಿಯಬಾರದು. ಮೇಲೆ ನಿಂತಿರಲು ಮುಖವಿರಲಿಲ್ಲ, ಅಷ್ಟೆ. ಒಳಗೆ ಎರಡಾಳುದ್ದ ಇಳಿದಾಗಲೇ ಬೇಸಗೆ ಮುಗಿದಿತ್ತು. ಕೆಂಪುಕಲ್ಲಿನ ಗೋಡೆ ಬೆವರಿತ್ತು. ನಾನು ಉಸಿರು ಬಿಟ್ಟರೆ ಒಂದು ಕ್ಷಣ ತಡೆದು ಇನ್ಯಾರೋ ಉಸಿರು ಬಿಡುತ್ತಿದ್ದರು. ಅದು ಹಸನಾಕರದ್ದಲ್ಲ, ಅವರು ಉಸಿರಾಡುವುದನ್ನು ನಾನು ನೋಡುತ್ತಿದ್ದೆ, ಅದರ ಲೆಕ್ಕ ಬೇರೆ ಇತ್ತು. ಅವರ ಬೆರಳುಗಳು ಪೈಪಿನ ಸುತ್ತ ಬೆಳ್ಳಗೆ ಸೆಟೆದುಕೊಂಡಿದ್ದವು, ಒಂದೊಂದಾಗಿ ಬಿಡಿಸಬೇಕಾಯಿತು. ಅಷ್ಟರಲ್ಲಿ ಶಾರದಾ ಕಲ್ಲು ಸಾಗಿಸುವ ಪಿಕಪ್ಪೊಂದನ್ನು ಅಡ್ಡಗಟ್ಟಿ ತಂದಿದ್ದಳು. ಲೋಡಿನವರು ಮೇಲಿನಿಂದ ಎಳೆದರು. ಹಸನಾಕರ ಕಾಲಿನ ಗಂಟು ಮುರಿದಿತ್ತು, ಉಳಿದದ್ದೆಲ್ಲ ಸರಿಯಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನು ಸ್ವಲ್ಪ ಹೊತ್ತಾಗಿದ್ರೆ ಕೈ ಬಿಟ್ಟುಹೋಗ್ತಿತ್ತು" ಎಂದರು. ಆ 'ಸ್ವಲ್ಪ ಹೊತ್ತು' ಎಂದರೆ ಎಷ್ಟು ನಿಮಿಷ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಂದಿನಿಂದ ನಿದ್ದೆ ಹೋಯಿತು. ದೀಪ ಆರಿಸಿದ ಕೂಡಲೇ ಎರಡು ಕರೆ ಕೇಳುತ್ತಿತ್ತು. ಮೂರನೆಯದಕ್ಕೆ ಕಾಯುತ್ತಾ ಬೆಳಗಾಗುತ್ತಿತ್ತು. ಹಗಲು ಇನ್ನೂ ಕಷ್ಟ, ಏಕೆಂದರೆ ಹಗಲಿನಲ್ಲಿ ನಾನು ವೀರನಾಗಿದ್ದೆ. ಕಥೆಯ ಎರಡನೆಯ ಭಾಗ ಆ ಸಂಜೆಯೇ ರಸ್ತೆಬದಿಯ ಹೋಟೆಲಿನಲ್ಲಿ ಬಿಡುಗಡೆಯಾಯಿತು: ಅದರಲ್ಲಿ ನಾನು ಇಳಿಯಲಿಲ್ಲ, ಹಾರಿದೆ. ಬಂಟ್ವಾಳದ ಮೀನು ಮಾರ್ಕೆಟಿಗೆ ಹೋದಾಗ ಮೂರನೆಯ ಭಾಗ ನಡೆಯುತ್ತಿತ್ತು: ನಾನು ನೀರಿನಡಿಯಲ್ಲಿ ಐದು ನಿಮಿಷ ಉಸಿರು ಕಟ್ಟಿದೆನಂತೆ, ಬೂತಾಯಿ ಮಾರುವವಳು ನನಗೆ ಹೇಳಿದಳು. ಬೆಳ್ತಂಗಡಿಯಲ್ಲಿ ಹಸನಾಕರ ಬೀಗರು ಮಾಡಿದ್ದು ಪೂರ್ತಿ ರೀಮೇಕು. ಅದರಲ್ಲಿ ಬಾವಿಗೆ ಹೆಬ್ಬಾವು ಬಂದಿತ್ತು, ನನಗೂ ಒಂದು ಬಾಲ್ಯ ಬಂದಿತ್ತು: ಚಿಕ್ಕಂದಿನಲ್ಲಿ ನೇತ್ರಾವತಿಯ ನೆರೆಯಲ್ಲಿ ಕೊಚ್ಚಿಹೋಗಿ ಬದುಕಿದವನಂತೆ, ಆದ್ದರಿಂದಲೇ ಮುಳುಗುವವರನ್ನು ಕಂಡರೆ ಸುಮ್ಮನಿರಲಾರೆನಂತೆ. ಕಿಟಕಿ ಮುಚ್ಚಿದವನು ಇದ್ದದ್ದು ಮೊದಲನೇ ಭಾಗದಲ್ಲಿ ಮಾತ್ರ, ಅದನ್ನು ನೋಡಿದವರು ಶಾರದಾ ಮತ್ತು ನಾನು. ಊರಿನ ಯುವಕ ಮಂಡಲದವರು ಭಾನುವಾರ ನನಗೆ ಶಾಲು ಹೊದಿಸಿ ಸನ್ಮಾನ ಮಾಡುವುದೆಂದೂ ಹಸನಾಕರೇ ನಾಲ್ಕು ಮಾತಾಡುವುದೆಂದೂ ಗೊತ್ತುಮಾಡಿದಾಗ, ನಿದ್ದೆಯ ಜೊತೆ ಊಟವೂ ಸೇರದಾಯಿತು.

"ಹೇಳಿಬಿಡಿ ಅವರಿಗೆ" ಎಂದಳು ಶಾರದಾ. "ಬೈದ್ರೆ ಬೈತಾರೆ. ಬೈಯಲಿಕ್ಕೆ ಜೀವ ಉಂಟಲ್ಲ, ಅದೇ ದೊಡ್ಡದು."

ಮುಂದಿನ ಶನಿವಾರ ಸಂಜೆ ಹೋದೆ. ಹಸನಾಕ ಸೋಫಾದಲ್ಲಿ ಕಾಲು ಚಾಚಿ, ಪ್ಲಾಸ್ಟರಿನೊಳಗೆ ಕಡ್ಡಿ ತೂರಿಸಿ ತುರಿಸಿಕೊಳ್ಳುತ್ತಿದ್ದರು.

"ಹಸನಾಕ, ಒಂದು ವಿಷಯ ಹೇಳ್ಲಿಕ್ಕುಂಟು. ಅವತ್ತು ನೀವು ಕರೆದದ್ದು ನನಗೆ ಕೇಳಿತ್ತು. ಎರಡೂ ಸಲ."

ಕಡ್ಡಿ ನಿಂತಿತು. "ಮತ್ತೆ?"

"ಮೂರನೇದಕ್ಕೆ ಕಾದೆ."

ಅವರು ಕಡ್ಡಿಯನ್ನು ಪ್ಲಾಸ್ಟರಿನಿಂದ ಹೊರಗೆಳೆದರು. ಇನ್ನು ಈ ಮನೆಗೆ ಬರಲಿಕ್ಕಿಲ್ಲ ಎಂದು ನಾನು ಎದ್ದು ನಿಂತೆ.

"ಕೂತುಕೊಳ್ಳಿ" ಎಂದರು. ಜೋರಾದ ಇದ್ದ ಅಡುಗೆ ಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಮೂರನೇ ಸಲ ನಾನು ಕರೀಲಿಲ್ಲ."

"ಗೊತ್ತುಂಟು. ಶಕ್ತಿ ಇರಲಿಲ್ಲ ನಿಮಗೆ."

"ಶಕ್ತಿ ಇತ್ತು. ಎರಡನೇ ಸಲ ಕರೆದೆ ನೋಡಿ, ಆಗ ನನ್ನ ಹಿಂದಿನಿಂದ ಯಾರೋ ನಿಮ್ಮನ್ನು ಕರೆದ ಹಾಗಾಯ್ತು. ಸ್ವರ ನನ್ನದೇ. ಆದ್ರೆ ನಾನು ಬಾಯಿ ಮುಚ್ಚಿದ ಮೇಲೆ."

"ಅದು ಪ್ರತಿಧ್ವನಿ" ಎಂದೆ.

"ನೀವು ಕಲಿತವರು, ಹೆಸರು ಗೊತ್ತುಂಟು. ನಾನು ಕುತ್ತಿಗೆ ಮಟ್ಟ ನೀರಲ್ಲಿದ್ದೆ." ಅವರು ಕಡ್ಡಿಯನ್ನು ಮೇಜಿನ ಮೇಲಿಟ್ಟರು. "ಇನ್ನೊಮ್ಮೆ ಕರೆದ್ರೆ ಅದು ಹತ್ತಿರ ಬಂದೀತು ಅಂತ ಬಾಯಿ ಕಟ್ಟಿಕೊಂಡೆ. ಆಮೇಲೆ ನೀವು ಮೇಲಿಂದ ಎರಡು ಸಲ ಕರೆದ್ರಿ. ಅದೂ ಕೇಳಿತು ನನಗೆ. ನನ್ನನ್ನು ಹೆತ್ತ ಉಮ್ಮನೂ ಹೇಳಿಕೊಟ್ಟಿದ್ದಾರಲ್ಲ, ಎರಡಕ್ಕೆ ಓಗೊಡಬಾರದು ಅಂತ."

ನಾವಿಬ್ಬರೂ ಟಿವಿಯ ಕಪ್ಪು ಪರದೆ ನೋಡುತ್ತಾ ಕುಳಿತೆವು. ಅದರಲ್ಲಿ ಇಬ್ಬರು ಮುದುಕರು ಕಾಣುತ್ತಿದ್ದರು. ಒಬ್ಬನ ಕಾಲಿಗೆ ಮಾತ್ರ ಪ್ಲಾಸ್ಟರು ಇತ್ತು.

"ನಾಳೆ ಶಾಲು ತಕ್ಕೊಳ್ಳಿ" ಎಂದರು ಕೊನೆಗೆ. "ಇಳಿದದ್ದು ನೀವೇ ಅಲ್ವಾ. ಇದನ್ನು ಮಾತ್ರ ಹೊರಗೆ ಹೇಳುವುದು ಬೇಡ. ಇಷ್ಟು ಕೊಲೆ ನೋಡಿದವ ನಾನು, ನನಗೂ ಒಂದು ಮರ್ಯಾದೆ ಉಂಟು."

ಸನ್ಮಾನ ನಡೆಯಿತು. ಹಸನಾಕ ಕುರ್ಚಿಯಲ್ಲಿ ಕುಳಿತೇ ನಾಲ್ಕು ಮಾತಾಡಿದರು; ಹೆಬ್ಬಾವಿನ ವಿಷಯವನ್ನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಜನ ಚಪ್ಪಾಳೆ ತಟ್ಟುವಾಗ ಮೊದಲ ಸಾಲಿನಲ್ಲಿದ್ದ ಶಾರದಾ ನನ್ನನ್ನೇ ನೋಡುತ್ತಿದ್ದಳು, ಕಾಪಿ ಹೊಡೆದು ಬಹುಮಾನ ಪಡೆದ ಹುಡುಗನನ್ನು ನೋಡುವ ಹಾಗೆ. ಅಲ್ಲಿಂದ ನೇರ ಹಸನಾಕರ ಮನೆಗೆ ಹೋದೆವು. ಅವರು ಏಳನೆಯ ಭಾಗ ಹಾಕಿದರು. ಸೆಕೆಯಲ್ಲಿಯೂ ನಾನು ಶಾಲು ಹೊದ್ದು ಸೋಫಾದ ಮೂಲೆಗೆ ಒರಗಿದೆ. ಹೆಸರುಗಳು ಬರುತ್ತಿದ್ದದ್ದು ನೆನಪುಂಟು. ಕಣ್ಣು ಬಿಟ್ಟಾಗ ಸೋಮವಾರ ಬೆಳಿಗ್ಗೆ ಆರೂವರೆ, ಜೋರಾದ ಚಹಾ ಹಿಡಿದು ನಿಂತಿದ್ದರು. ಆ ಭಾಗದಲ್ಲಿ ಒಂಬತ್ತು ಜನ ಸತ್ತರಂತೆ. ಒಬ್ಬೊಬ್ಬರೂ ಸಾಯುವ ಮುಂಚೆ ಗಂಟಲು ಹರಿಯುವಂತೆ ಕೂಗಿದರಂತೆ, ರಸ್ತೆಯವರೆಗೆ ಕೇಳುತ್ತಿತ್ತಂತೆ. ನನಗೆ ಒಬ್ಬರದ್ದೂ ಕೇಳಿಸಲಿಲ್ಲ.