ವೆಂಡೆಲ್ ಮೇಷ್ಟರ ಸೆನೆಟ್

ಪಕ್ಕದ ಕೋಣೆಯಲ್ಲಿ ಮಕ್ಕಳು ನಕ್ಕರೆ ವೆಂಡೆಲ್ ಸ್ಟ್ರಾಟನ್ನನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಆ ಕೋಣೆ ಕೊರಿನ್ ಬೆಲ್ಲಾಮಿಯದು. ಓಹಾಯೋದ ನಮ್ಮ ಹೈಸ್ಕೂಲಿನಲ್ಲಿ ಇಬ್ಬರೂ ಕಲಿಸುವುದು ಒಂದೇ ಪಾಠ, ಅಮೆರಿಕದ ಸರ್ಕಾರ. ಅವಳು ಮಕ್ಕಳಿಂದಲೇ ಕಾಂಗ್ರೆಸ್ಸೆಂಬ ಸಂಸತ್ತು, ಕೋರ್ಟು ನಡೆಸುತ್ತಾಳೆ. ಇವನು ಹತ್ತೊಂಬತ್ತು ವರ್ಷದಿಂದ ಅದೇ ಟಿಪ್ಪಣಿ ಓದಿ ಬರೆಸುತ್ತಾನೆ. ಮುಂದಿನ ವರ್ಷ ಜಾಣ ಮಕ್ಕಳಿಗೆಂದೇ ಒಂದು ವಿಶೇಷ ತರಗತಿ ಶುರುವಾಗುವುದಿತ್ತು. ಅದು ಇಬ್ಬರಲ್ಲಿ ಒಬ್ಬರಿಗೆ ಮಾತ್ರ; ಸಿಕ್ಕವರು, ಮುಂದಿನ ವರ್ಷವೂ ತಮಗೇ ಬರಬೇಕಾದ ಈಗಿನ ಮಕ್ಕಳನ್ನು ಬಿಟ್ಟುಕೊಡಬೇಕು. ಯಾರಿಗೆಂದು ತೀರ್ಮಾನಿಸಲು ಪ್ರಿನ್ಸಿಪಾಲ್ ಡ್ರಿಸ್ಕಾಲ್ ಅವತ್ತು ಪಾಠ ನೋಡಲು ಬರುವವರಿದ್ದರು.

"ಅವಳಿಗೊಬ್ಬಳಿಗೇ ಬರುತ್ತಾ ಈ ನಾಟಕ?" ಎಂದು ಹಲ್ಲು ಕಡಿದು, ವೆಂಡೆಲ್ ಬೆಳಿಗ್ಗೆ ತರಗತಿಗೆ ನುಗ್ಗಿದವನೇ ಘೋಷಿಸಿದ: "ಇವತ್ತು ನೀವೇ ಸೆನೆಟ್, ಕಾಂಗ್ರೆಸ್ಸಿನ ಮೇಲ್ಮನೆ. ನಾನು ದೇಶದ ಅಧ್ಯಕ್ಷ."

ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನ ಡಾರ್ನೆಲ್ ಎದ್ದು ನಿಂತ. "ಶುಕ್ರವಾರದ ಟೆಸ್ಟ್ ರದ್ದು ಅಂತ ಮಸೂದೆ ತರ್ತೀನಿ."

ಕ್ಷಣದಲ್ಲಿ ಪಾಸಾಯಿತು. "ನಾನು ಸಹಿ ಹಾಕಲ್ಲ, ವೀಟೋ!" ಎಂದ ವೆಂಡೆಲ್. ಮೂರನೇ ಎರಡು ಭಾಗ ಮತ ಬಂದರೆ ವೀಟೋ ನಡೆಯುವುದಿಲ್ಲವೆಂದು ಟಿಪ್ಪಣಿ ಬರೆಸಿದವನು ಅವನೇ. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೊಂದು ಕೈ ಮೇಲೆದ್ದವು. ಟೆಸ್ಟ್ ಹೋಯಿತು. ಆಮೇಲೆ ತರಗತಿಯಲ್ಲೇ ತಿನ್ನಬಹುದೆಂಬ ಕಾನೂನು ಬಂತು. ಚಿಪ್ಸ್ ಪೊಟ್ಟಣಗಳು ಪಟಪಟ ಒಡೆದವು. ಹೋಂವರ್ಕನ್ನಾದರೂ ಉಳಿಸಲು ವೆಂಡೆಲ್ ಬಾಯಿ ತೆರೆಯುವಷ್ಟರಲ್ಲಿ ಟ್ರೆವಾ ಎಂಬ ಹುಡುಗಿ ಎದ್ದಳು. ಸೆನೆಟ್ಟಿನಲ್ಲಿ ಮಾತಿಗೆ ನಿಂತವರನ್ನು ಸುಲಭಕ್ಕೆ ಕೂರಿಸುವ ಹಾಗಿಲ್ಲವಲ್ಲ, ಅಜ್ಜಿ ಮಾಂಸದ ಕಡುಬು ಮಾಡುವ ವಿಧಾನವನ್ನು ಈರುಳ್ಳಿ ಹೆಚ್ಚುವಲ್ಲಿಂದ ಶುರು ಮಾಡಿದಳು.

ಅಷ್ಟರಲ್ಲಿ ಡ್ರಿಸ್ಕಾಲ್ ಬಾಗಿಲಲ್ಲಿ! ವೆಂಡೆಲ್ ಅವಸರದಲ್ಲಿ ಚಿಪ್ಸ್ ಪೊಟ್ಟಣವೊಂದನ್ನು ಟಿಪ್ಪಣಿಯಿಂದ ಮುಚ್ಚಿದ. ಅವರು ಮೂಲೆಯಲ್ಲಿ ಕೂತು ಕಾಲು ಗಂಟೆ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಂವಿಧಾನವನ್ನ ಇಷ್ಟು ಗಟ್ಟಿಯಾಗಿ ಹಿಡ್ಕೊಂಡ ಮಕ್ಕಳನ್ನ ನಾನು ನೋಡೇ ಇಲ್ಲ ಕಣಯ್ಯಾ! ಹೊಸ ತರಗತಿ ನಿನಗೇ. ಈಗಲೇ ನೇಮಿಸ್ತಿದ್ದೀನಿ."

ವೆಂಡೆಲ್‌ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊರಿನ್ನಳ ಮುಖ ಹೇಗಾದೀತೆಂದು ನೆನೆಸಿಕೊಂಡೇ ಖುಷಿಪಟ್ಟ.

"ಒಂದ್ನಿಮಿಷ," ಡಾರ್ನೆಲ್ ಕೈ ಎತ್ತಿದ. "ನೇಮಕಕ್ಕೆ ಸೆನೆಟ್ ಒಪ್ಪಬೇಕು."

ಡ್ರಿಸ್ಕಾಲ್ ಹಿಂದೆ ಇದೇ ಪಾಠ ಮಾಡಿದವರು, ನಿಯಮವೆಂದರೆ ಪ್ರಾಣ. "ಹೌದಲ್ಲ! ಮತಕ್ಕೆ ಹಾಕಿ."

ಒಪ್ಪಿಗೆ ಎರಡು, ವಿರೋಧ ಇಪ್ಪತ್ತೆರಡು. ವೆಂಡೆಲ್ ಕುಸಿದು ಕೂತ. "ನಾನು ನಿಮಗೇನ್ರೋ ಅನ್ಯಾಯ ಮಾಡಿದ್ದೆ?"

"ನೀವು ಹೋದ್ರೆ ಮುಂದಿನ ವರ್ಷ ನಮಗ್ಯಾರು?" ಅಂದಳು ಟ್ರೆವಾ. "ಹತ್ತು ಸಲ ಕೇಳಿದ್ರೂ ಬೈಯದೆ ಹೇಳಿಕೊಡೋರು ನೀವೊಬ್ರೇ."

ಡ್ರಿಸ್ಕಾಲ್ ಎದ್ದು ಪಕ್ಕದ ಕೋಣೆಗೆ ಹೋಗಿ ಕೊರಿನ್ನಳ ಹೆಸರು ಮುಂದಿಟ್ಟರು. ಅಲ್ಲಿ ಒಂದೇ ಉಸಿರಿಗೆ ಒಪ್ಪಿಗೆಯಾಯಿತು.

ಮಧ್ಯಾಹ್ನ ಕೊರಿನ್ ವರಾಂಡದಲ್ಲಿ ಸಿಕ್ಕಾಗ ಅವಳ ಕಣ್ಣು ಕೆಂಪಾಗಿತ್ತು. "ಇಪ್ಪತ್ತಾರಕ್ಕೆ ಇಪ್ಪತ್ತಾರು ವೆಂಡೆಲ್! ಹೋಗಬೇಡಿ ಅಂತ ಒಬ್ರಾದ್ರೂ ಅನ್ನಬಾರದಿತ್ತಾ? ನಿಮ್ಮ ಮಕ್ಕಳು ನಿಮ್ಮನ್ನ ಬಿಡಲೇ ಇಲ್ಲವಂತೆ. ನಿಜ ಹೇಳ್ತೀನಿ, ನನಗೆ ಹೊಟ್ಟೆ ಉರೀತಿದೆ. ಈ ತರಗತಿ ನೀವೇ ಇಟ್ಕೊಳ್ಳಿ, ನಿಮ್ಮ ಮಕ್ಕಳನ್ನ ನನಗೆ ಕೊಡಿ. ಅವರು ಒಪ್ಪಿದ್ರೆ ಡ್ರಿಸ್ಕಾಲ್ ಬೇಡ ಅನ್ನಲ್ಲ. ಕೇಳಿ ನೋಡ್ತೀರಾ?"

ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಸಿಹಿಯಾದ ಮಾತು ವೆಂಡೆಲ್‌ನ ಕಿವಿಗೆ ಬಿದ್ದಿರಲಿಲ್ಲ. ತರಗತಿಯೂ ಸಿಕ್ಕಿತು, ಅವಳ ಹೊಟ್ಟೆಕಿಚ್ಚೂ ಸಿಕ್ಕಿತು! ತನ್ನ ತರಗತಿಯೊಳಗೆ ಓಡಿಹೋಗಿ ಬಾಗಿಲು ಮುಚ್ಚಿಕೊಂಡು ಕೇಳಿದ: "ನನ್ನ ಬದಲು ಮಿಸ್ ಬೆಲ್ಲಾಮಿ ಬಂದ್ರೆ ನನ್ನನ್ನ ಬಿಟ್ಟುಕೊಡ್ತೀರಾ?"

ಮಾತು ಮುಗಿಯುವ ಮೊದಲೇ ಇಪ್ಪತ್ತನಾಲ್ಕು ಕೈ ಮೇಲೆದ್ದವು. ಟ್ರೆವಾ ಎರಡೂ ಕೈ ಎತ್ತಿದ್ದಳು.

ವೆಂಡೆಲ್ ಮೆಲ್ಲಗೆ ಹೊರಗೆ ಬಂದು ಬಾಗಿಲೆಳೆದುಕೊಂಡ. ಕೊರಿನ್ ಆಸೆಯಿಂದ ನಿಂತಿದ್ದಳು. "ಏನಂದ್ರು?"

"ಒಬ್ರೂ ಒಪ್ಪಲಿಲ್ಲ ಕೊರಿನ್," ಅಂದ ವೆಂಡೆಲ್. "ತರಗತಿ ನೀನೇ ಇಟ್ಕೋ."